ತುರಾಯಿ ಕಟ್ಟುವ ಮೊದಲಿನ ತಿಂಗಳುಗಳು

ಕಾರವಾರದಲ್ಲಿ ಚಳಿ ಬಿದ್ದಿದೆ ಎಂದರೆ ಘಟ್ಟದ ಮೇಲಿನವರು ನಗುತ್ತಾರೆ. ನಗಲಿ. ಜನವರಿಯ ರಾತ್ರಿಯೂ ಇಲ್ಲಿ 20 ಡಿಗ್ರಿಯ ಆಸುಪಾಸು, ಮಧ್ಯಾಹ್ನ 30 ದಾಟುವ ಬಿಸಿಲು. ಧಾರವಾಡದ ಲೆಕ್ಕದಲ್ಲಿ ಇದಕ್ಕೆ ಸ್ವೆಟರ್ ಹಾಕಿಕೊಳ್ಳುವುದೇ ತಮಾಷೆ. ಕರಾವಳಿಯವರಿಗೆ ಚಳಿಗಾಲ ಗೊತ್ತಾಗುವುದು ಗಾಳಿಯ ದಿಕ್ಕಿನಿಂದ. ರಾತ್ರಿಯಿಡೀ ನೆಲ ಬೇಗ ತಣಿಯುತ್ತದೆ, ಕಡಲು ನಿಧಾನಕ್ಕೆ ತಣಿಯುತ್ತದೆ. ತಣಿದು ಭಾರವಾದ ಗಾಳಿ ಸಹ್ಯಾದ್ರಿಯ ಇಳಿಜಾರಿನಿಂದ, ಕಾಳಿ ನದಿಯ ಕಣಿವೆ ಹಿಡಿದು ಪಶ್ಚಿಮಕ್ಕೆ ಹರಿಯುತ್ತದೆ. ಡಿಸೆಂಬರಿನ ಬೆಳಗಿನಲ್ಲಿ ಟಾಗೋರ್ ಕಡಲತೀರಕ್ಕೆ ಹೋದರೆ ಬೆನ್ನಿಗೆ ತಣ್ಣನೆಯ ಗಾಳಿ, ಎದುರಿಗೆ ಅಲೆಯೇ ಏಳದ ನೀರು. ಹತ್ತು ಹನ್ನೊಂದರ ಹೊತ್ತಿಗೆ ನೆಲ ಕಾದು ಗಾಳಿ ತಿರುಗುತ್ತದೆ. ಆಮೇಲೆ ಮತ್ತೆ ಎಂದಿನ ಉಪ್ಪು ಬೆವರು.

ಈ ತೀರಕ್ಕೆ ರವೀಂದ್ರನಾಥರ ಹೆಸರು ಬಂದಿರುವುದು 1883ರ ಕಾರಣಕ್ಕೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ಬಂದಿದ್ದ ಇಪ್ಪತ್ತೆರಡರ ತರುಣ ಕವಿ ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಬರೆದದ್ದು ಇಲ್ಲೇ. ಆ ಕಥೆಯನ್ನು ನಮ್ಮವರು ಸಾಕಷ್ಟು ಹೇಳಿದ್ದಾರೆ. ನಾನು ಹೇಳಹೊರಟಿರುವುದು ಅದೇ ತೀರದಲ್ಲಿರುವ ಇನ್ನೊಂದು ಜಾಗದ ಮಾತು: 2018ರಲ್ಲಿ ತೆರೆದ ರಾಕ್ ಗಾರ್ಡನ್. ಹೆಸರು ಉದ್ಯಾನದ್ದಾದರೂ ಕೆಲಸ ಬಯಲು ಸಂಗ್ರಹಾಲಯದ್ದು. ಉತ್ತರ ಕನ್ನಡದ ಬುಡಕಟ್ಟುಗಳ, ದುಡಿಯುವ ಜನರ ಬದುಕನ್ನು ಆಳೆತ್ತರದ ಶಿಲ್ಪಗಳಲ್ಲಿ ನಿಲ್ಲಿಸಿದ್ದಾರೆ. ಕರಿಮಣಿ ಸರ ಹೊತ್ತ ಹಾಲಕ್ಕಿ ಹೆಂಗಸು, ಸಿದ್ದಿ, ಗೌಳಿ, ಕುಣಬಿ ಎಲ್ಲರೂ ಅಲ್ಲಿದ್ದಾರೆ. ಶಾಲಾ ಪ್ರವಾಸದ ಬಸ್ಸುಗಳು ಬರುವುದು ಹೆಚ್ಚಾಗಿ ನವೆಂಬರ್, ಡಿಸೆಂಬರಿನಲ್ಲಿ. ಮಕ್ಕಳು ಶಿಲ್ಪದ ಹೆಗಲಿಗೆ ಕೈಹಾಕಿ ಫೋಟೊ ತೆಗೆಸಿಕೊಳ್ಳುತ್ತಾರೆ, ಐಸ್‌ಕ್ರೀಂ ತಿನ್ನುತ್ತಾರೆ, ಪಕ್ಕದ ಹಡಗು ನೋಡಲು ಓಡುತ್ತಾರೆ. ಹಾಗೆ ನೋಡಿದರೂ ಏನೋ ಒಂದು ತಲೆಗೆ ಹೋಗಿಯೇ ಹೋಗುತ್ತದೆ. ಅದನ್ನು ಹಗುರಾಗಿ ಕಾಣಬೇಕಾಗಿಲ್ಲ. ತನ್ನ ಜಿಲ್ಲೆಯಲ್ಲಿ ಇಷ್ಟು ಬಗೆಯ ಜನರಿದ್ದಾರೆ ಎಂದು ಗೊತ್ತಿಲ್ಲದೆ ಪದವಿ ಮುಗಿಸಿದವರನ್ನು ನಾನು ಕಂಡಿದ್ದೇನೆ.

ಆದರೆ ಆ ಶಿಲ್ಪಗಳಿಗೆ ತಿಂಗಳಿಲ್ಲ. ಆಷಾಢದಲ್ಲೂ ಮಾಘದಲ್ಲೂ ಹಾಲಕ್ಕಿ ಹೆಂಗಸು ಒಂದೇ ಭಂಗಿಯಲ್ಲಿ ನಿಂತಿರುತ್ತಾಳೆ. ಅವಳ ನಿಜವಾದ ಊರುಗಳಲ್ಲೋ ತಿಂಗಳು ಬದಲಾದರೆ ಕೆಲಸ, ಊಟ, ಹಾಡು ಎಲ್ಲವೂ ಬದಲಾಗುತ್ತವೆ. ಸಮುದಾಯದ ಕಲೆಯನ್ನು ಕಾಪಿಡುತ್ತೇವೆ ಎನ್ನುವವರು ಮೊದಲು ಕಾಪಿಡಬೇಕಾದ್ದು ಅದರ ಪಂಚಾಂಗವನ್ನು ಎಂಬುದು ನನ್ನ ತಕರಾರು.

ಕಾರವಾರದಿಂದ ಅಂಕೋಲೆಗೆ 35 ಕಿಲೋಮೀಟರಿನಷ್ಟು ದಾರಿ. ದೀಪಾವಳಿಯ ಪಾಡ್ಯಕ್ಕೆ ಅಂಕೋಲೆಯ ಕೋಮಾರಪಂಥ ಸಮಾಜದವರು ಹಿಂಡಲಕಾಯಿ ಬೀಸಿ ಹೊಂಡೆಯಾಟ ಆಡಿ ಮುಗಿಸಿದರೆಂದರೆ ಮಳೆಗಾಲದ ಬಾಕಿ ಚುಕ್ತಾ. ಗದ್ದೆಯ ಕೊಯ್ಲು ಮುಗಿದು ಅಂಗಳದಲ್ಲಿ ಹುಲ್ಲು ಒಟ್ಟಿ, ಅದೇ ಗದ್ದೆಯಲ್ಲಿ ಹಾಲಕ್ಕಿ ಒಕ್ಕಲಿಗರು ತರಕಾರಿಯ ಸಾಲು ಹಿಡಿಯುತ್ತಾರೆ. ಹರಿವೆ, ಬದನೆ, ಮೂಲಂಗಿ, ಗೆಣಸು. ನೆಲದಲ್ಲಿ ಉಳಿದ ತೇವ ಸಾಲದಾದಾಗ ಕೊಡದಲ್ಲಿ ನೀರು ಹೊಯ್ಯುತ್ತಾರೆ. ಬೆಳಕು ಹರಿಯುವ ಮೊದಲೇ ಕಿತ್ತು, ಇಬ್ಬನಿ ಆರುವುದರೊಳಗೆ ಪೇಟೆ ಮುಟ್ಟಿಸಬೇಕು. ಬುಟ್ಟಿಯ ಮುಂದೆ ಕೂತ ಅಜ್ಜಿ “ತಂಗಿ, ತಾಜಾ ಅದೆ, ತಕಂಡು ಹೋಗೆ” ಎಂದು ಕರೆಯುವಾಗ ಅವಳ ಕೊರಳ ತುಂಬ ಅದೇ ಕರಿಮಣಿ ಸರಗಳು. ಕುಪ್ಪಸವಿಲ್ಲದೆ ಹೆಗಲ ಮೇಲೆ ಸೀರೆ ಗಂಟು ಹಾಕುವ ಆ ಉಡುಗೆ ಈಗ ವಯಸ್ಸಾದವರಲ್ಲಷ್ಟೇ ಉಳಿದಿದೆ. ಅವಳ ಮೊಮ್ಮಗಳು ಚೂಡಿದಾರ್ ತೊಟ್ಟು ಕಾಲೇಜಿಗೆ ಹೋಗುತ್ತಾಳೆ, ಹೋಗಲೇಬೇಕು. ಉಡುಗೆಯನ್ನು ಶಿಲ್ಪ ಉಳಿಸಿಕೊಳ್ಳಬಲ್ಲದು, ಅದೇನೂ ಕಷ್ಟವಲ್ಲ. ಕೊಯ್ದ ಗದ್ದೆಯ ಯಾವ ಮೂಲೆಯಲ್ಲಿ ತೇವ ಎಷ್ಟು ದಿನ ನಿಲ್ಲುತ್ತದೆ ಎಂಬ ತಿಳಿವಳಿಕೆಯನ್ನು ಸಿಮೆಂಟಿನಲ್ಲಿ ಹೇಗೆ ಕಡೆಯುತ್ತೀರಿ?

ಅಂಕೋಲೆಯ ಚಳಿಗಾಲದ ನಿಜವಾದ ಕಲಾಕೆಲಸ ಶುರುವಾಗುವುದು ಮಾವು ಹೂಬಿಟ್ಟ ಮೇಲೆ. ರಾತ್ರಿಯ ತಂಪು ಹದವಾಗಿ ಬಿದ್ದ ವರ್ಷ ಇಷಾಡದ ಮರಗಳು ಡಿಸೆಂಬರ್, ಜನವರಿಯಲ್ಲಿ ಮೈತುಂಬ ಹೂವಾಗುತ್ತವೆ. ಅಂಕೋಲೆಯ ಕರಿ ಇಷಾಡಕ್ಕೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಹಣ್ಣಿಗೆ ಸಿಕ್ಕ ಸರ್ಟಿಫಿಕೇಟು ಅದನ್ನು ತಲೆಮಾರುಗಳಿಂದ ಬೆಳೆದವರ ಜೇಬಿಗೆ ಎಷ್ಟು ಇಳಿದಿದೆ ಎಂಬುದು ಬೇರೆ ಚರ್ಚೆ. ಹೂವು ಕಾಯಿ ಕಚ್ಚುವ ಹೊತ್ತಿಗೆ ಹಾಲಕ್ಕಿ ಕೊಪ್ಪಗಳಲ್ಲಿ ಸುಗ್ಗಿಯ ಮಾತು. ಫಾಲ್ಗುಣದಲ್ಲಿ, ಹೋಳಿ ಹುಣ್ಣಿಮೆಗೆ ಕೆಲವು ದಿನ ಮುಂಚೆ ಸುಗ್ಗಿ ಮೇಳ ಹೊರಡುತ್ತದೆ. ತಲೆಯ ಮೇಲೆ ತುರಾಯಿ, ಕೈಯಲ್ಲಿ ಕೋಲು, ನವಿಲುಗರಿಯ ಕುಂಚ; ಜೊತೆಗೆ ಗುಮಟೆ, ಜಾಗಟೆ, ತಾಳ. ಬೆಂಡು, ಬಣ್ಣದ ಕಾಗದ, ಮಿಂಚುವ ಪಟ್ಟಿಗಳಿಂದ ಕಟ್ಟಿದ ತುರಾಯಿ ನೋಡಲು ಹೂಗಿಡವೇ ತಲೆಯ ಮೇಲೆ ಎದ್ದ ಹಾಗೆ. ಕುಣಿಯುವವನ ಕತ್ತು ಅದರ ಭಾರ ತಾಳಬೇಕು, ಹೆಜ್ಜೆ ತಪ್ಪಿದರೂ ಅದು ವಾಲಬಾರದು. ಹಾಗಾಗಿ ಕಟ್ಟುವ ಕೈಗೆ ಕುಣಿತವೂ ಗೊತ್ತಿರಬೇಕು.

ಗುಮಟೆಯ ಕಥೆ ಇನ್ನೊಂದು. ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ, ಒಂದು ಬಾಯಿಗೆ ಚರ್ಮದ ಹೊದಿಕೆ. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. ಉಡ ಈಗ ಕಾಯ್ದೆಯ ರಕ್ಷಣೆಯಲ್ಲಿರುವ ಪ್ರಾಣಿ, ಆದ್ದರಿಂದ ಆಡಿನ ಚರ್ಮದಂಥ ಬದಲಿಗಳು ಬಂದಿವೆ. ಹಳಬರು ನಾದ ಬದಲಾಯಿತು ಎನ್ನುತ್ತಾರೆ. ಬದಲಾಗಿರಲೂಬಹುದು, ಆದರೆ ಉಡ ಉಳಿಯಬೇಕಾದ್ದೂ ನ್ಯಾಯವೇ. ಚರ್ಮ ಬಿಗಿಯಾಗಿ ನಿಲ್ಲಲು ಒಣ ಹವೆ ಬೇಕು. ಜುಲೈನ ತೇವಕ್ಕೆ ಸಡಿಲಗೊಳ್ಳುವ ಚರ್ಮ ಮಾಘದ ಬಿಸಿಲಿಗೆ ಬಿಗಿಯುತ್ತದೆ. ವಾದ್ಯಕ್ಕೂ ಒಂದು ಋತು ಇದೆ ಎಂಬುದು ಗಾಜಿನ ಪೆಟ್ಟಿಗೆಯಲ್ಲಿಟ್ಟ ಗುಮಟೆಯನ್ನು ನೋಡಿದವರಿಗೆ ತಿಳಿಯುವುದಿಲ್ಲ.

ಗೋಡೆಗೂ ಹಾಗೆಯೇ. ಕಾರವಾರ, ಅಂಕೋಲಾ, ಕುಮಟಾದಿಂದ ಗೋವೆಯವರೆಗೆ ಹಳೆಯ ದೇವಸ್ಥಾನಗಳಲ್ಲಿ, ಮನೆಗಳಲ್ಲಿ ಕಾವಿ ಕಲೆ ಇತ್ತು; ಅಲ್ಲಲ್ಲಿ ಉಳಿದಿದೆ. ಬಿಳಿ ನೆಲದ ಮೇಲೆ ಕೆಂಪು ಚಿತ್ರ ಎಂದು ದೂರದಿಂದ ಕಾಣುತ್ತದೆ. ಮಾಡುವ ಕ್ರಮ ಬೇರೆಯೇ. ಕಾಳಿ, ಅಘನಾಶಿನಿಯಂಥ ಅಳಿವೆಗಳಲ್ಲಿ ಸಿಗುವ ಚಿಪ್ಪುಗಳನ್ನು ಸುಟ್ಟು ಸುಣ್ಣ ಮಾಡಬೇಕು. ತೊಳೆದ ಮರಳು, ಬೆಲ್ಲದ ನೀರು ಸೇರಿಸಿ ಕೊಳೆಯಲು ಬಿಟ್ಟು, ಮತ್ತೆ ಕುಟ್ಟಿ ಹದ ಮಾಡಬೇಕು. ಗೋಡೆಗೆ ಆ ಗಾರೆ ಬಳಿದು ಅದರ ಮೇಲೆ ಹುರಮಂಜಿಯ ಕೆಂಪು ಪದರ. ಹಸಿ ಆರುವ ಮೊದಲೇ ಉಕ್ಕಿನ ಕಂಠದಿಂದ ಗೀರಿ, ಕೆರೆದು, ಅಡಿಯ ಬಿಳುಪನ್ನು ಹೊರಗೆ ತರುತ್ತಾರೆ. ಅಂದರೆ ಇಲ್ಲಿ ಬಣ್ಣ ಹಚ್ಚುವುದಕ್ಕಿಂತ ತೆಗೆಯುವುದೇ ಹೆಚ್ಚು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ಗಾರೆ ಆರುವುದಿಲ್ಲ, ಏಪ್ರಿಲ್ ಬಿಸಿಲಿನಲ್ಲಿ ಹಾಕಿದರೆ ಗೀರುವಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಹೊನ್ನಾವರದಲ್ಲಿ ಹುಟ್ಟಿದ ಸಸ್ಯವಿಜ್ಞಾನಿ, ಲೇಖಕ, ಛಾಯಾಗ್ರಾಹಕ ಡಾ. ಕೃಷ್ಣಾನಂದ ಕಾಮತರು ಊರೂರು ಅಲೆದು ಈ ಚಿತ್ರಗಳನ್ನು ದಾಖಲಿಸದೇ ಇದ್ದಿದ್ದರೆ, ಜೀರ್ಣೋದ್ಧಾರದ ಹೆಸರಿನಲ್ಲಿ ಟೈಲ್ಸ್ ಅಂಟಿಸಿಕೊಂಡ ಗೋಡೆಗಳ ಹಿಂದೆ ಏನಿತ್ತು ಎಂಬುದೂ ನಮಗೆ ತಿಳಿಯುತ್ತಿರಲಿಲ್ಲ. ದೇವರಿಗೆ ಟೈಲ್ಸ್ ಇಷ್ಟ ಎಂದು ಯಾರು ಹೇಳಿದರೋ!

ಘಟ್ಟದ ಕಡೆ ಸರಿದಂತೆ ಚಳಿ ನಿಜವಾಗುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಆಫ್ರಿಕಾದ ಮೂಲದಿಂದ ಬಂದ ಈ ಸಮುದಾಯದ ಕೌದಿಯ ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಕೂರಿಸಿದ ಪುಟ್ಟ ತ್ರಿಕೋನಗಳ ‘ಫುಲ’ ಇರುತ್ತದೆ. ಅದಿಲ್ಲದಿದ್ದರೆ ಕೌದಿ ಬತ್ತಲೆ ಎಂಬ ಭಾವನೆ ಅವರಲ್ಲಿದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವುಗಳ ಬೆನ್ನುಬಿದ್ದು ಅಧ್ಯಯನ ಮಾಡಿದ ಮೇಲೆ, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನ ನಡೆಯಿತು. ಯಲ್ಲಾಪುರದ ಕಾಡಿನ ಮನೆಯಲ್ಲಿ ಮಗುವಿನ ಮೈಮೇಲೆ ಇದ್ದದ್ದು ಹಾರ್ಲೆಮ್ಮಿನ ಗೋಡೆ ಏರಿತು. ಸಂತೋಷವೇ. ಆದರೆ ಕಾರವಾರದಲ್ಲಿ ಎಷ್ಟು ಜನಕ್ಕೆ ಆ ಕೌದಿ ಗೊತ್ತು? ಪ್ರವಾಸಿಗರು ಬರುವ ಡಿಸೆಂಬರಿನಲ್ಲಿ ಸಿದ್ದಿ ಶಿಲ್ಪದ ಪಕ್ಕದಲ್ಲೇ ಸಿದ್ದಿ ಹೆಂಗಸರು ಕೂತು ಕೌದಿ ಹೊಲಿದು ಮಾರಲು ಒಂದು ಚಪ್ಪರ ಹಾಕಿಕೊಟ್ಟರೆ ಶಿಲ್ಪಕ್ಕೂ ಅರ್ಥ ಬರುತ್ತದೆ, ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ಇನ್ನು ಪಕ್ಕದ ಹಡಗು. ‘ಚಪಲ್’ ಎಂಬ ಈ ಕ್ಷಿಪಣಿ ನೌಕೆ ಈಗ ಮರಳ ಮೇಲೆ ಕೂತ ಸಂಗ್ರಹಾಲಯ. ಡಿಸೆಂಬರ್ 4ರ ನೌಕಾಪಡೆ ದಿನ ಹತ್ತಿರವಾದಂತೆ ಇದರ ಸುತ್ತ ಗದ್ದಲ ಹೆಚ್ಚು. 1971ರಲ್ಲಿ ಕರಾಚಿಯ ಮೇಲೆ ದಾಳಿ ಮಾಡಿದ್ದು ಇದೇ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆ ರಾತ್ರಿ ಹೋದದ್ದು ನಿಪಾತ್, ನಿರ್ಘಾತ್, ವೀರ್ ಎಂಬ ನೌಕೆಗಳು. ಚಪಲ್ ಸೇವೆಗೆ ಸೇರಿದ್ದೇ 1976ರಲ್ಲಿ. ಅದೇ ಸೋವಿಯತ್ ವಂಶದ ತಂಗಿ ಎನ್ನಬಹುದು, ಅಷ್ಟೇ. ಅದು ನಿವೃತ್ತವಾದದ್ದು 2005ರ ಮೇ ತಿಂಗಳಲ್ಲಿ. ಅದೇ ತಿಂಗಳ ಕೊನೆಗೆ ಇಲ್ಲಿನ ಕದಂಬ ನೌಕಾನೆಲೆ ಸೇವೆಗೆ ಸಿದ್ಧವಾಯಿತು. ಆ ನೆಲೆಗಾಗಿ ಕಾರವಾರ, ಅಂಕೋಲೆಯ ಸಾವಿರಾರು ಕುಟುಂಬಗಳು ಕಡಲಂಚಿನ ಮನೆ, ಗದ್ದೆ, ಬಲೆ ಎಳೆಯುವ ತೀರ ಬಿಟ್ಟು ಎದ್ದವು. ಹಡಗಿನ ಸಂಗ್ರಹಾಲಯವೂ ಜನರ ಸಂಗ್ರಹಾಲಯವೂ ಒಂದೇ ತೀರದಲ್ಲಿ ಅಕ್ಕಪಕ್ಕ ಇವೆ. ಎರಡನ್ನೂ ನೋಡಿದವರು ಈ ಸಂಬಂಧವನ್ನೂ ತಿಳಿದು ಹೋಗಬೇಕು.

ಎರಡಕ್ಕೂ ಸಮಾನ ಶತ್ರು ಉಪ್ಪುಗಾಳಿ. ಹಡಗಿನ ಉಕ್ಕು ತುಕ್ಕು ಹಿಡಿಯುವುದು ಕಣ್ಣಿಗೆ ಕಾಣುತ್ತದೆ. ಸಿಮೆಂಟಿನ ಕೆಲಸ ಒಳಗೊಳಗೇ ಹಾಳಾಗುತ್ತದೆ: ಉಪ್ಪಿನ ಅಂಶ ಸಣ್ಣ ಬಿರುಕುಗಳಿಂದ ಇಳಿದು ಒಳಗಿನ ಕಬ್ಬಿಣದ ಸರಳನ್ನು ಮುಟ್ಟುತ್ತದೆ, ಸರಳು ತುಕ್ಕು ಹಿಡಿದು ಉಬ್ಬುತ್ತದೆ, ಹೊರಗಿನ ಸಿಮೆಂಟು ಸಿಡಿಯುತ್ತದೆ. ಶಿಲ್ಪದ ಬೆರಳು ಮುರಿದಿದ್ದರೆ ಪ್ರವಾಸಿಯ ಕಿತಾಪತಿ ಎಂದೇ ತೀರ್ಮಾನಿಸಬೇಡಿ. ತೊಳೆದು, ಒಣಗಿಸಿ, ಬಿರುಕು ಮುಚ್ಚಿ, ಬಣ್ಣ ಹಚ್ಚಲು ಇಲ್ಲಿ ಸಿಗುವ ಒಳ್ಳೆಯ ಕಾಲ ಡಿಸೆಂಬರಿನಿಂದ ಫೆಬ್ರುವರಿ. ಜನ ಬರುವುದೂ ಆಗಲೇ. ನನ್ನನ್ನು ಕೇಳಿದರೆ ದುರಸ್ತಿಯನ್ನು ಟಾರ್ಪಾಲಿನ ಹಿಂದೆ ಬಚ್ಚಿಡದೆ ಜನರ ಎದುರೇ ಮಾಡಬೇಕು. ಮೂರ್ತಿ ಹೇಗೆ ಆಗುತ್ತದೆ ಎಂದು ಮಕ್ಕಳು ಕಲಿಯುವುದು ಆಗ.

ತೀರದ ಮರಳಿನಲ್ಲೇ ಇನ್ನೊಂದು ಪ್ರದರ್ಶನ ಟಿಕೆಟ್ಟಿಲ್ಲದೆ ನಡೆಯುತ್ತಿತ್ತು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ರಂಪಣಿ ಬಲೆ ಬೀಸುವುದು, ದೋಣಿ ಕಡಲನ್ನು ಸುತ್ತುಹಾಕಿ ಬರುವುದು, ಎರಡೂ ತುದಿಯ ಹಗ್ಗಕ್ಕೆ ಊರಿನ ಹತ್ತಾರು ಜನ ಕೈಹಾಕಿ ಎಳೆಯುವುದು. ಬಂಗಡೆಯ ರಾಶಿ ಬಿದ್ದ ದಿನ ಎಳೆದವರಿಗೆಲ್ಲ ಪಾಲು. 1970ರ ದಶಕದ ನಡುವೆ ಪರ್ಸೀನ್ ದೋಣಿಗಳು ಬಂದು ಮೀನನ್ನು ದಡ ಮುಟ್ಟುವ ಮೊದಲೇ ಹಿಡಿಯತೊಡಗಿದ ಮೇಲೆ ರಂಪಣಿ ಸೊರಗಿತು. ಈಗಲೂ ಚಿಕ್ಕ ಯೇಂಡಿ ಬಲೆ ಎಳೆಯುವವರು ಕಾಣುತ್ತಾರೆ. ಶಿಲ್ಪ ನೋಡಲು ಬಂದವರು ಅವರ ಜೊತೆ ಹಗ್ಗ ಹಿಡಿದರೆ ಯಾರೂ ಬೇಡ ಎನ್ನುವುದಿಲ್ಲ. ಪುಷ್ಯದ ಹುಣ್ಣಿಮೆಗೆ ಇದೇ ಕಡಲಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹನ ಜಾತ್ರೆ. ಜನ ದೋಣಿಯಲ್ಲಿ ಹೋಗಿ ಬಾಳೆಹಣ್ಣು ಒಪ್ಪಿಸಿ ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಚಳಿಗಾಲದ ಕಡಲು ಶಾಂತ ಎಂದು ನಂಬಿ ಲೈಫ್ ಜಾಕೆಟ್ ಇಲ್ಲದೆ ದೋಣಿ ಹತ್ತಬಾರದು ಎಂದು ಅಲ್ಲಿಂದೀಚೆಗೆ ಊರು ಪ್ರತಿ ವರ್ಷ ಹೇಳಿಕೊಳ್ಳಬೇಕಾಗಿ ಬಂದಿದೆ.

ಅಂಕೋಲೆಗೆ 2024ರ ವರ್ಷ ಭಾರವಾಗಿತ್ತು. ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೂ ಜೀವಗಳೂ ಗಂಗಾವಳಿಗೆ ಬಿದ್ದವು. ಮಳೆಗಾಲ ಕಳೆಯಿತು ಎನ್ನುವಾಗ ಡಿಸೆಂಬರ್ 16ಕ್ಕೆ ಹೊನ್ನಳ್ಳಿಯ ತುಳಸಿ ಗೌಡರು ತೀರಿಕೊಂಡರು. 2025ರ ಫೆಬ್ರುವರಿ 13ಕ್ಕೆ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹೋದರು. ಇಬ್ಬರೂ ಹಾಲಕ್ಕಿ, ಇಬ್ಬರೂ ಪದ್ಮಶ್ರೀ ಪುರಸ್ಕೃತರು, ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಂದೇ ಚಳಿಗಾಲ ಇಬ್ಬರನ್ನೂ ಕರೆದುಕೊಂಡಿತು.

ತುಳಸಜ್ಜಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಿಂದ ಶುರುಮಾಡಿದವರು. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಯಾವಾಗ ಆರಿಸಬೇಕು ಎಂಬುದರಲ್ಲಿ ಅವರ ಮಾತೇ ಕೊನೆ. ಒಂದು ವಾರ ಮುಂಚೆ ಆರಿಸಿದರೆ ಬೀಜ ಬಲಿತಿರುವುದಿಲ್ಲ, ತಡವಾದರೆ ಹುಳ ಹಿಡಿಯುತ್ತದೆ. ಸುಕ್ರಜ್ಜಿಯದು ಹಾಡು. ಉಳುವಾಗ ಒಂದು, ಮದುವೆಗೆ ಒಂದು, ಸುಗ್ಗಿಗೆ ಒಂದು, ತಾಯಿಯಿಂದ ಕಲಿತದ್ದು. ಆಕಾಶವಾಣಿಯ ಕಾರವಾರ ಕೇಂದ್ರ ಅವುಗಳಲ್ಲಿ ಅನೇಕವನ್ನು ಧ್ವನಿಮುದ್ರಿಸಿದೆ. ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿದವರೂ ಅವರೇ, ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಬಂದ ಮಂತ್ರಿಗಳಿಗೆಲ್ಲ ಹೇಳಿ ಹೇಳಿ ದಣಿದವರೂ ಅವರೇ. ಬೀಜದ ಕಾಲ, ಹಾಡಿನ ಕಾಲ ಎರಡೂ ಆ ಇಬ್ಬರ ತಲೆಯಲ್ಲಿದ್ದವು. ಇವರಿಬ್ಬರ ಪ್ರತಿಮೆ ಮಾಡಿಸಬೇಕೆಂಬ ಮಾತು ಬಂದೇ ಬರುತ್ತದೆ. ಮಾಡಿಸಲಿ. ಅದಕ್ಕಿಂತ ಮೊದಲು ಬೀಜ ಆರಿಸುವ ತಿಂಗಳಲ್ಲಿ ಮಕ್ಕಳನ್ನು ಕಾಡಿಗೆ ಕರೆದೊಯ್ಯುವ, ಸುಗ್ಗಿಯ ಹಾಡನ್ನು ಸುಗ್ಗಿಯ ತಿಂಗಳಲ್ಲೇ ಹೇಳಿಸುವ ಒಂದು ಏರ್ಪಾಡು ಬೇಕು.

ಹೀಗೆ ಮಾಡಿದವರು ಜಗತ್ತಿನಲ್ಲಿ ಇದ್ದಾರೆ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ತುರ್ ಹಾಸೆಲಿಯುಸ್ 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ತೆರೆದರು. ಊರೂರಿನ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಜಾಗವದು. ಅಲ್ಲಿ ಮೂಳೆ ಕೊರೆಯುವ ಡಿಸೆಂಬರಿನಲ್ಲಿ ಬಾಗಿಲು ಹಾಕುವುದಿಲ್ಲ, ಚಳಿಗಾಲವನ್ನೇ ತೋರಿಸುತ್ತಾರೆ. 1903ರಿಂದ ಕ್ರಿಸ್‌ಮಸ್ ಸಂತೆ ನಡೆಯುತ್ತಿದೆ, ಡಿಸೆಂಬರ್ 13ಕ್ಕೆ ದೀಪದ ಲೂಸಿಯಾ ಹಬ್ಬ. ನಮ್ಮಲ್ಲಿ ಹಿಮವಿಲ್ಲದಿದ್ದರೇನು, ಇಬ್ಬನಿಯಿದೆ, ತರಕಾರಿ ಇದೆ, ಸುಗ್ಗಿಯ ತಯಾರಿ ಇದೆ. ಕಾರವಾರದ ಮಯೂರವರ್ಮ ವೇದಿಕೆಯಲ್ಲಿ ನಡೆಯುವ ಕರಾವಳಿ ಉತ್ಸವಕ್ಕೆ ಮುಂಬಯಿಯ ಗಾಯಕರನ್ನು ಕರೆಸುತ್ತೇವೆ. ಹತ್ತು ನಿಮಿಷ ಸುಗ್ಗಿ ಕುಣಿತಕ್ಕೂ ವೇಳೆ ಕೊಡುತ್ತೇವೆ, ಮುಖ್ಯ ಅತಿಥಿಗಳು ಬರುವ ತನಕ ತುಂಬಿಸಲು.

ಒಂದು ಎಚ್ಚರಿಕೆ ಬೇಕು. ಸುಗ್ಗಿ ಬರಿಯ ಮನರಂಜನೆಯಲ್ಲ. ಅದಕ್ಕೆ ದೇವರಿದ್ದಾನೆ, ವ್ರತದಂಥ ಕಟ್ಟುಪಾಡುಗಳಿವೆ. ತುರಾಯಿಯನ್ನು ಕಾಲವಲ್ಲದ ಕಾಲದಲ್ಲಿ ತಲೆಗೇರಿಸಿ ಕುಣಿಯಿರಿ ಎಂದು ಕೇಳುವುದು ಸಲ್ಲದು. ಕಟ್ಟುವ ಕೆಲಸವನ್ನು ತೋರಿಸಬಹುದೇ, ಎಷ್ಟು ತೋರಿಸಬಹುದು ಎಂದು ಹೇಳಬೇಕಾದವರು ಹಾಲಕ್ಕಿ ಸಮಾಜದ ಹಿರಿಯರಾದ ಗೌಡರು, ಬುದವಂತರು. ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಜಿಲ್ಲಾಡಳಿತಕ್ಕೆ ನನ್ನ ಮನವಿ ಇಷ್ಟೇ: ಬರುವ ಮಾಘದೊಳಗೆ ಆ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಒಪ್ಪಿದರೆ ತುರಾಯಿ ಕಟ್ಟುವವರಿಗೆ, ಗುಮಟೆ ಬಿಗಿಯುವವರಿಗೆ, ಕೌದಿ ಹೊಲಿಯುವವರಿಗೆ, ಕಾವಿ ಗೀರಬಲ್ಲವರು ಉಳಿದಿದ್ದರೆ ಅವರಿಗೂ ಸರಿಯಾದ ಕೂಲಿ ಕೊಟ್ಟು ಚಳಿಗಾಲದ ಮೂರು ತಿಂಗಳು ರಾಕ್ ಗಾರ್ಡನ್ನಿನ ನೆರಳಲ್ಲಿ ಜಾಗ ಮಾಡಿಕೊಡಿ. ಓದುಗರಿಗೊಂದು ಮಾತು: ಈ ಡಿಸೆಂಬರಿನಲ್ಲಿ ಕಾರವಾರಕ್ಕೆ ಬಂದರೆ ಶಿಲ್ಪಗಳನ್ನು ನೋಡಿ, ಹಡಗನ್ನೂ ನೋಡಿ, ಮರುದಿನ ಬೆಳಿಗ್ಗೆ ಬೇಗ ಎದ್ದು ಅಂಕೋಲೆ ಪೇಟೆಗೆ ಹೋಗಿ. ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಬಳಿ ಹರಿವೆ, ಬದನೆ ಕೊಳ್ಳಿ. ಕೇಳದೆ ಫೋಟೊ ತೆಗೆಯಬೇಡಿ, ಹತ್ತು ರೂಪಾಯಿಗಾಗಿ ಚೌಕಾಸಿಯನ್ನೂ ಮಾಡಬೇಡಿ.